ದೋಣಿಯ ಹೊಟ್ಟೆಗೆ ಯಾವ ಬಣ್ಣ?

ಮೇ ತಿಂಗಳ ಕೊನೆಯ ವಾರ. ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಿತ್ತು. ದಡದ ತೆಂಗಿನ ನೆರಳಲ್ಲಿ ಒಂದು ಫೈಬರ್ ದೋಣಿಯನ್ನು ಮರದ ದಿಮ್ಮಿಗಳ ಮೇಲೆ ಏರಿಸಿ ನಿಲ್ಲಿಸಿದ್ದರು. ಪ್ರವಾಸಿಗರನ್ನು ಕೂರಿಸಿಕೊಂಡು ಕಾಂಡ್ಲಾ ಕಾಡು ತೋರಿಸುವ ದೋಣಿ ಅದು. ಮಳೆಗಾಲ ಮುಗಿಯುವವರೆಗೆ ಅದಕ್ಕೆ ರಜೆ. ಇಬ್ಬರು ಹುಡುಗರು ಕೈಯಲ್ಲಿ ಗ್ರೈಂಡರ್ ಹಿಡಿದು ಅದರ ತಳ ಉಜ್ಜುತ್ತಿದ್ದರು. ಮೂಗಿಗೆ ಒಂದು ಟವೆಲ್, ಅಷ್ಟೇ. ಕೆಂಪು ಪುಡಿ ಅವರ ತಲೆಗೂದಲು, ಹುಬ್ಬು, ಕುತ್ತಿಗೆಯ ಮೇಲೆಲ್ಲ ಕೂತಿತ್ತು. ಉಳಿದದ್ದು ಗಾಳಿ ಬೀಸಿದ ಕಡೆಗೆ, ಅಂದರೆ ಹೊಳೆಯ ಕೆಸರಿನ ಕಡೆಗೆ ಹಾರುತ್ತಿತ್ತು.

ಆ ಕೆಸರಿನಲ್ಲಿ ಹೆಂಗಸರು ಬಗ್ಗಿ ಬಳಚು ಹೆಕ್ಕುತ್ತಿದ್ದರು.

ನಾವು ನಡುವೆ ನಿಂತಿದ್ದೆವು. ಒಂದು ಕಡೆ ಸಾಲ ಮಾಡಿ ದೋಣಿ ಕೊಂಡ ಮನೆ, ಇನ್ನೊಂದು ಕಡೆ ಬುಟ್ಟಿ ತುಂಬಿದರೆ ಮಾತ್ರ ಅಂದಿನ ಸಂತೆ ಸಾಮಾನು ಬರುವ ಮನೆ. ಎರಡೂ ಒಂದೇ ಊರಿನವು, ಒಂದೇ ಕೇರಿಯವೂ ಇರಬಹುದು. ದೋಣಿಯ ಯಜಮಾನರನ್ನು ಕೇಳಿದೆವು, ‘ಯಾವ ಬಣ್ಣ ಬಳೀತೀರಿ?’

‘ಅಂಗಡಿಯವ ಕೊಟ್ಟದ್ದು. ಕಾಪರ್ ಪೇಂಟು. ಎಲ್ಲರೂ ಅದನ್ನೇ ಬಳಿಯೂದು.’

ಈ ಲೇಖನ ಆ ‘ಎಲ್ಲರೂ ಅದನ್ನೇ’ ಎಂಬ ಮಾತಿನ ಕುರಿತು. ಕರಾವಳಿಯಲ್ಲಿ ಹೋಮ್‌ಸ್ಟೇಗಳು ಹೆಚ್ಚಿದ ಹಾಗೆ ವಿಹಾರದ ದೋಣಿಗಳೂ ಹೆಚ್ಚಿವೆ. ಘಟ್ಟದ ಮೇಲೆ ಅಣೆಕಟ್ಟಿನ ಹಿನ್ನೀರಿನಲ್ಲೂ ದೋಣಿಗಳು ಬಂದಿವೆ. ದೋಣಿ ಕೊಳ್ಳುವಾಗ ಇಂಜಿನ್ ಎಷ್ಟು ಹಾರ್ಸ್‌ಪವರ್ ಎಂದು ಹತ್ತು ಸಲ ಕೇಳುವ ನಾವು, ನೀರಿನೊಳಗೆ ಮುಳುಗಿರುವ ಭಾಗಕ್ಕೆ ಏನು ಬಳಿಯುತ್ತಿದ್ದೇವೆ ಎಂದು ಕೇಳುವುದಿಲ್ಲ. ಕಣ್ಣಿಗೆ ಕಾಣದ ಭಾಗ ತಾನೆ.

ಮೊದಲು ಈ ಬಣ್ಣ ಯಾಕೆ ಎಂಬುದನ್ನು ನೋಡೋಣ. ಉಪ್ಪುನೀರಿನಲ್ಲಿ ಏನನ್ನೇ ಮುಳುಗಿಸಿಟ್ಟರೂ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಕಣ್ಣಿಗೆ ಕಾಣದ ಜೀವಿಗಳ ಲೋಳೆ ಕೂರುತ್ತದೆ. ಆಮೇಲೆ ಪಾಚಿ. ಆಮೇಲೆ ಬಿಳಿ ಚಿಪ್ಪು. ಬಂಡೆಯ ಮೇಲೆ, ಸೇತುವೆಯ ಕಂಬದ ಮೇಲೆ ಸಣ್ಣ ಸಣ್ಣ ಜ್ವಾಲಾಮುಖಿಗಳ ಹಾಗೆ ಕಾಣುವ, ಬರಿಗಾಲಿಗೆ ತಾಗಿದರೆ ಬ್ಲೇಡಿನಂತೆ ಕೊಯ್ಯುವ ಚಿಪ್ಪು. ಇಂಗ್ಲಿಷಿನಲ್ಲಿ ಬಾರ್ನಕಲ್ ಎನ್ನುತ್ತಾರೆ. ಚಿಪ್ಪು ನೋಡಿ ಇದನ್ನು ಬಳಚಿನ ಕುಲ ಅಂದುಕೊಳ್ಳುತ್ತೇವೆ. ನಿಜಕ್ಕೂ ಇದು ಸಿಗಡಿ, ಏಡಿಗಳ ನೆಂಟ. ಮರಿಯಾಗಿದ್ದಾಗ ಈಜಾಡಿಕೊಂಡಿದ್ದು, ಹಿಡಿಸಿದ ಜಾಗ ಸಿಕ್ಕಿದ ಕೂಡಲೇ ತಲೆ ಕೆಳಗೆ ಮಾಡಿ ಗೋಂದು ಹಾಕಿ ಅಂಟಿಕೊಂಡುಬಿಡುತ್ತದೆ. ಮತ್ತೆ ಜೀವಮಾನವಿಡೀ ಅಲ್ಲೇ, ಕಾಲುಗಳನ್ನು ಹೊರಗೆ ಚಾಚಿ ನೀರಿನಲ್ಲಿ ಬೀಸಿ ಊಟ ಹಿಡಿಯುವುದು. ಚಾರ್ಲ್ಸ್ ಡಾರ್ವಿನ್ ಈ ಪ್ರಾಣಿಯ ಹಿಂದೆ ಎಂಟು ವರ್ಷ ಕಳೆದರು, 1846ರಿಂದ 1854ರವರೆಗೆ. ಅಷ್ಟು ಹೊತ್ತು ನೋಡುವಂಥದ್ದು ಅದರಲ್ಲಿದೆ. ದೋಣಿಯವರಿಗೆ ಮಾತ್ರ ಅದರ ಮೇಲೆ ಅಷ್ಟು ಪ್ರೀತಿ ಇಲ್ಲ.

ತಳ ಒರಟಾದರೆ ನೀರು ಹಿಡಿದೆಳೆಯುತ್ತದೆ, ವೇಗ ಇಳಿಯುತ್ತದೆ, ಇಂಧನ ಹೆಚ್ಚು ಸುಡುತ್ತದೆ. ಹತ್ತು ತಿಂಗಳು ಉಪ್ಪುನೀರಿನಲ್ಲೇ ಇರುವ ಯಾಂತ್ರಿಕ ಮೀನುಗಾರಿಕೆ ಬೋಟಿನವರಿಗೆ ಇದು ಹೊಟ್ಟೆಪಾಡಿನ ಲೆಕ್ಕ. ಅವರ ಬಣ್ಣದ ಬಗ್ಗೆ ಇಲ್ಲಿ ನಮ್ಮ ತಕರಾರಿಲ್ಲ. ಮರದ ದೋಣಿಯಾದರೆ ಇನ್ನೊಂದು ಶತ್ರುವಿದೆ, ಮರ ಕೊರೆಯುವ ಹಡಗುಹುಳು. ಹೆಸರಿಗೆ ಹುಳು, ಜಾತಿಯಲ್ಲಿ ಅದು ಬಳಚಿನ ದಾಯಾದಿ. ಹೊರಗಿನಿಂದ ಸೂಜಿಮೊನೆಯಷ್ಟು ತೂತು, ಒಳಗೆ ಹಲಗೆಯೇ ಜರಡಿ.

ಈಗ ತಾಮ್ರಕ್ಕೆ ಬರೋಣ. ತಾಮ್ರದ ವಿಷಯ ನಮ್ಮ ಮಲೆನಾಡಿನ ಓದುಗರಿಗೆ ಹೇಳಿಕೊಡಬೇಕಿಲ್ಲ. ಕೆಳಗೆ ಹೊಳೆಬದಿಯಲ್ಲಿ ದೋಣಿಯ ತಳ ಉಜ್ಜುವ ಅದೇ ವಾರ, ಘಟ್ಟದ ಮೇಲೆ ಅಡಿಕೆ ತೋಟದಲ್ಲಿ ಮೈಲುತುತ್ತ ಮತ್ತು ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡುತ್ತಿರುತ್ತಾರೆ. ಕೊಳೆರೋಗದ ಶಿಲೀಂಧ್ರವನ್ನು ಕೊಲ್ಲುವುದು ಅದರೊಳಗಿನ ತಾಮ್ರ. ದೋಣಿಯ ತಳದಲ್ಲಿ ಪಾಚಿ, ಚಿಪ್ಪಿನ ಮರಿಗಳನ್ನು ತಡೆಯುವುದೂ ಅದೇ ತಾಮ್ರ, ಕೆಂಪು ಬಣ್ಣದ ತಾಮ್ರದ ಆಕ್ಸೈಡ್ ರೂಪದಲ್ಲಿ. ಆ ಹುಡುಗರ ಹುಬ್ಬಿನ ಮೇಲೆ ಕೂತಿದ್ದದ್ದು ಅದು. ಬೋರ್ಡೋ ಹೊಡೆದ ಡ್ರಮ್ಮನ್ನು ಮೀನು ಸಾಕಿದ ಕೆರೆಯಲ್ಲಿ ಯಾರಾದರೂ ತೊಳೆಯುತ್ತಾರೆಯೇ? ತೊಳೆದರೆ ಮನೆಯ ಹಿರಿಯರು ಬಿಡುತ್ತಾರೆಯೇ?

‘ತಾಮ್ರದ ಚೊಂಬಿನ ನೀರು ಕುಡಿಯಿರಿ ಅಂತ ನೀವೇ ಬರೀತೀರಿ’ ಎಂದು ಯಜಮಾನರು ನಕ್ಕರು. ನಾವು ಬರೆದದ್ದಲ್ಲ, ಇರಲಿ. ಚೊಂಬಿನ ನೀರು ಕುಡಿಯುವವ ಮನುಷ್ಯ. ನಮ್ಮ ದೇಹಕ್ಕೆ ಚೂರು ತಾಮ್ರ ಬೇಕು, ಹೆಚ್ಚಾದದ್ದನ್ನು ಪಿತ್ತಜನಕಾಂಗ ಹೊರಹಾಕುತ್ತದೆ. ಬಳಚು ಬದುಕುವುದು ದಿನವಿಡೀ ನೀರನ್ನು ತನ್ನೊಳಗೆ ಎಳೆದು ಸೋಸಿ. ನೀರಿನಲ್ಲಿ ಏನಿದೆಯೋ ಅದೆಲ್ಲ ಅದರ ಮೈಯೊಳಗೆ ಹಾದುಹೋಗಬೇಕು. ಅದರ ಮರಿಗಳಂತೂ ಕಣ್ಣಿಗೆ ಕಾಣದಷ್ಟು ಚಿಕ್ಕವು. ಬಾರ್ನಕಲ್ಲಿನ ಮರಿಯನ್ನು ಕೊಲ್ಲುವ ಬಣ್ಣಕ್ಕೆ ಬಳಚಿನ ಮರಿ ಯಾವುದು ಎಂದು ಗುರುತು ಹಿಡಿಯುವ ಕಣ್ಣಿಲ್ಲ.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು, ಯಾಕೆಂದರೆ ಅಂಗಡಿಯಲ್ಲಿ ‘ಇದು ಕರಗೋದಿಲ್ಲ, ನೀರಿಗೆ ಏನೂ ಬಿಡೋದಿಲ್ಲ, ಆದ್ರೂ ಚಿಪ್ಪು ಕೂರೋದಿಲ್ಲ’ ಎಂದು ತಾಮ್ರದ ಬಣ್ಣವನ್ನೇ ಮಾರುವುದನ್ನು ನಾವು ಕೇಳಿದ್ದೇವೆ. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿತು. ಹುಳು ಕೊರೆಯಲಿಲ್ಲ, ಚಿಪ್ಪು ಕೂರಲಿಲ್ಲ. ಆದರೆ ತಾಮ್ರಕ್ಕೆ ತಾಗಿಕೊಂಡಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಆಮೇಲೆ ತಾಮ್ರವೂ ಸಮುದ್ರದಲ್ಲಿ ಸವೆಯುತ್ತದೆ, ಖರ್ಚು ಜಾಸ್ತಿ ಎಂಬ ಚಿಂತೆ ಹತ್ತಿತು. 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಒಂದು ಉಪಾಯ ಹೇಳಿದರು. ತಾಮ್ರದ ತಗಡಿಗೆ ಸತುವಿನದೋ ಕಬ್ಬಿಣದ್ದೋ ತುಂಡು ಜೋಡಿಸಿದರೆ ಆ ತುಂಡು ಸವೆಯುತ್ತದೆ, ತಾಮ್ರ ಉಳಿಯುತ್ತದೆ. ಹಾಗೇ ಆಯಿತು. ತಾಮ್ರ ಸವೆಯುವುದು ನಿಂತಿತು. ಸವೆಯುವುದು ನಿಂತ ಕೂಡಲೇ ಚಿಪ್ಪು, ಪಾಚಿ ಎಲ್ಲ ಬಂದು ಕೂತವು! ನೌಕಾಪಡೆ ಆ ಏರ್ಪಾಡನ್ನೇ ಕೈಬಿಟ್ಟಿತು.

ಅಂದರೆ ತಾಮ್ರ ಕೆಲಸ ಮಾಡುವುದು ಕರಗುವುದರಿಂದಲೇ. ಕರಗದಿದ್ದರೆ ಅದೂ ಒಂದು ಬಂಡೆ. ಹೊಳೆಗೆ ತಾಮ್ರ ಬಿಡದೆ ಚಿಪ್ಪು ತಡೆಯುವ ತಾಮ್ರದ ಬಣ್ಣ ಯಾವ ಅಂಗಡಿಯಲ್ಲೂ ಇಲ್ಲ. ನೀವು ಡಬ್ಬಿಗೆ ಕೊಟ್ಟ ದುಡ್ಡು ಒಂದೆರಡು ವರ್ಷದಲ್ಲಿ ನಿಧಾನವಾಗಿ ಹೊಳೆಯ ನೀರಿಗೆ ಇಳಿಯುತ್ತದೆ. ಇಳಿಯಲೆಂದೇ ಕೊಟ್ಟದ್ದು.

ಇದಕ್ಕಿಂತ ಕೆಟ್ಟದ್ದು ಬಂದು ಹೋಗಿದೆ. ತವರದಿಂದ ಮಾಡಿದ ಟ್ರೈಬ್ಯುಟೈಲ್‌ಟಿನ್ ಎಂಬ ವಿಷವನ್ನು ಬಣ್ಣಕ್ಕೆ ಬೆರೆಸುತ್ತಿದ್ದ ಕಾಲವೊಂದಿತ್ತು. ದೋಣಿಯವರ ದೃಷ್ಟಿಯಿಂದ ಅದರಂಥ ಬಣ್ಣ ಹಿಂದೆ ಬಂದಿರಲಿಲ್ಲ, ವರ್ಷಗಟ್ಟಲೆ ತಳ ಕನ್ನಡಿ. ಫ್ರಾನ್ಸಿನ ಆರ್ಕಶಾನ್ ಎಂಬ ಕೊಲ್ಲಿಯಲ್ಲಿ ಸಿಂಪಿ ಸಾಕಿ ಬದುಕುವ ಜನ ಇದ್ದಾರೆ. ಅದೇ ಕೊಲ್ಲಿಯಲ್ಲಿ ವಿಹಾರದ ದೋಣಿಗಳೂ ತುಂಬಿದ್ದವು. 1970ರ ದಶಕದ ಕೊನೆಗೆ ಅಲ್ಲಿ ಸಿಂಪಿಗಳ ಮರಿ ಉಳಿಯುವುದು ನಿಂತುಹೋಯಿತು, ಬೆಳೆದವುಗಳ ಚಿಪ್ಪು ವಿಕಾರವಾಗಿ ದಪ್ಪಗಾಗಿ ಮಾರಾಟವಾಗದಂತಾಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ದೋಣಿಗಳ ತಳದ ಬಣ್ಣ. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಮುಂದೆ ಇಂಗ್ಲೆಂಡಿನಲ್ಲಿ ಹೆಣ್ಣು ಶಂಖದಹುಳುಗಳಿಗೆ ಗಂಡಿನ ಅಂಗ ಬೆಳೆದು ಸಂತಾನವೇ ನಿಲ್ಲುತ್ತಿರುವುದಕ್ಕೂ ಇದೇ ಕಾರಣ ಎಂದು ಗೊತ್ತಾಯಿತು. ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಒಪ್ಪಂದ 2001ರಲ್ಲಿ ಆಗಿ 2008ರಲ್ಲಿ ಜಾರಿಗೆ ಬಂತು. 2023ರ ಜನವರಿಯಿಂದ ಸೈಬ್ಯುಟ್ರಿನ್ ಎಂಬ ಇನ್ನೊಂದು ರಾಸಾಯನಿಕವನ್ನೂ ಆ ಪಟ್ಟಿಗೆ ಸೇರಿಸಿದ್ದಾರೆ.

ಆ ಆರ್ಕಶಾನ್ ಇರುವುದು ಬೋರ್ಡೋ ನಗರದ ಪಕ್ಕದಲ್ಲಿ. ನಮ್ಮ ತೋಟದ ಔಷಧಿಗೆ ಹೆಸರು ಬಂದದ್ದು ಅದೇ ಸೀಮೆಯಿಂದ. ದ್ರಾಕ್ಷಿ ತೋಟಕ್ಕೆ ಮದ್ದು ಕಂಡುಕೊಂಡ ಸೀಮೆಯೇ ಸಿಂಪಿಗೆ ಬಂದ ಕೇಡನ್ನೂ ಮೊದಲು ಕಂಡಿತು.

ಅಘನಾಶಿನಿ ಸಣ್ಣ ಹೊಳೆ. ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿನೀರು ಬೋರ್ಗರೆದು ಸಮುದ್ರಕ್ಕೆ ನುಗ್ಗುತ್ತದೆ, ಬೇಸಿಗೆಯಲ್ಲಿ ಉಪ್ಪುನೀರು ಮೇಲಕ್ಕೆ ಏರುತ್ತದೆ. ಈ ಉಸಿರಾಟದಿಂದಲೇ ಇಲ್ಲಿ ಬಳಚು ಹುಲುಸು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತೇ ಕಾಪಾಡಬೇಕಾದ ಜೌಗು ಪ್ರದೇಶ ಎಂಬ ಮಾನ್ಯತೆ. ಇಂಥ ಜಾಗದಲ್ಲಿ ನಾಲ್ಕು ದೋಣಿ ಇದ್ದಾಗ ಒಂದು ಲೆಕ್ಕ, ನಲವತ್ತಾದಾಗ ಬೇರೆ ಲೆಕ್ಕ.

‘ದೊಡ್ಡ ಹಡಗು ಬಿಡಿ, ನಮ್ಮ ಪುಟ್ಟ ದೋಣಿಯಿಂದ ಎಂತ ಆಗ್ತದೆ?’ ಇದು ನಮಗೆ ಎಲ್ಲ ಕಡೆ ಸಿಗುವ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ದೊಡ್ಡ ಹಡಗು ನಡುಸಮುದ್ರದಲ್ಲಿ ಓಡುತ್ತದೆ, ಅದು ಬಿಟ್ಟದ್ದು ಅಗಾಧ ನೀರಿನಲ್ಲಿ ಹಂಚಿಹೋಗುತ್ತದೆ. ವಿಹಾರದ ದೋಣಿ ವಾರದ ಐದು ದಿನ ನಿಂತಲ್ಲೇ ನಿಂತಿರುತ್ತದೆ, ನಾಲ್ಕು ಮಾರು ಆಳದ, ಹರಿವು ಕಡಿಮೆಯಾದ ಮೂಲೆಯಲ್ಲಿ, ಅಕ್ಕಪಕ್ಕ ಹತ್ತಾರು ದೋಣಿಗಳ ಜೊತೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಶೆಲ್ಟರ್ ಐಲೆಂಡ್ ಎಂಬ ಕಡೆ ಎರಡು ಸಾವಿರಕ್ಕೂ ಹೆಚ್ಚು ವಿಹಾರದ ದೋಣಿಗಳು ತಂಗುವ ಕೊಲ್ಲಿಯೊಂದಿದೆ. ಅಲ್ಲಿನ ನೀರಿನಲ್ಲಿ ಕರಗಿದ ತಾಮ್ರ ಜಲಚರಗಳಿಗೆ ಅಪಾಯದ ಮಟ್ಟಕ್ಕೆ ಏರಿತ್ತು. ಅದರ ಬಹುಪಾಲು ಬಂದದ್ದು ಕಾರ್ಖಾನೆಯಿಂದಲ್ಲ, ದೋಣಿಗಳ ತಳದಿಂದ. 2005ರಲ್ಲಿ ಅಲ್ಲಿನ ಅಧಿಕಾರಿಗಳು 17 ವರ್ಷಗಳಲ್ಲಿ ತಾಮ್ರ ಸೇರುವುದನ್ನು ಶೇಕಡಾ 76ರಷ್ಟು ಇಳಿಸಬೇಕೆಂದು ಗುರಿ ಹಾಕಿದರು. 2018ರ ಜುಲೈಯಿಂದ ಇಡೀ ಕ್ಯಾಲಿಫೋರ್ನಿಯಾದಲ್ಲಿ ವಿಹಾರದ ದೋಣಿಯ ಬಣ್ಣ ದಿನಕ್ಕೆ ಎಷ್ಟು ತಾಮ್ರ ಬಿಡಬಹುದು ಎಂಬುದಕ್ಕೇ ಮಿತಿ ಬಂತು. ನಮ್ಮಲ್ಲಿ ಅಷ್ಟು ದೋಣಿಗಳಿಲ್ಲ, ಒಪ್ಪೋಣ. ಆದರೆ ಆ ಕೊಲ್ಲಿಯ ಕೆಸರಿನಲ್ಲಿ ಬುಟ್ಟಿ ಹಿಡಿದು ಸಂಸಾರ ನಡೆಸುವವರೂ ಇರಲಿಲ್ಲ.

ಹಾಗಾದರೆ ಬಣ್ಣವೇ ಬೇಡವೇ? ನಮ್ಮ ಉತ್ತರ: ಬಹಳ ದೋಣಿಗಳಿಗೆ ಬೇಡ, ಕೆಲವಕ್ಕೆ ಬೇಕು, ಬೇಕಾದವಕ್ಕೂ ಈಗ ಬಳಿಯುವ ರೀತಿಯಲ್ಲಿ ಬೇಡ.

ನೀರು ಸಿಹಿಯೋ ಉಪ್ಪೋ ಎಂಬುದು ಮೊದಲ ಪ್ರಶ್ನೆ. ಲಿಂಗನಮಕ್ಕಿ ಹಿನ್ನೀರು, ಗಣೇಶಗುಡಿಯ ಕಾಳಿ, ಕಬಿನಿ, ಯಾವುದೇ ಕೆರೆ, ಅಲ್ಲೆಲ್ಲ ಈ ಬಾರ್ನಕಲ್ ಬದುಕುವುದಿಲ್ಲ. ಕೂರುವುದು ಪಾಚಿ, ಲೋಳೆ. ತೆಂಗಿನ ನಾರಿನಿಂದಲೋ ಬಟ್ಟೆ ಒಗೆಯುವ ಬ್ರಷ್‌ನಿಂದಲೋ ಉಜ್ಜಿದರೆ ಹೋಗುತ್ತದೆ. ಅಲ್ಲಿ ತಾಮ್ರದ ಬಣ್ಣ ಬಳಿಯುವುದೆಂದರೆ ನಿಂತ ನೀರಿಗೆ, ಅದೂ ಮೀನು ಹಿಡಿಯುವ, ಕುಡಿಯಲು ಪಂಪು ಇಟ್ಟ ನೀರಿಗೆ ದುಡ್ಡು ಕೊಟ್ಟು ತಾಮ್ರ ಸುರಿದಂತೆ. ಸ್ವೀಡನ್ ದೇಶ ಸಿಹಿನೀರಿನ ವಿಹಾರದ ದೋಣಿಗಳಿಗೆ ಇಂಥ ವಿಷಯುಕ್ತ ಬಣ್ಣ ಬಳಿಯುವುದನ್ನೇ ನಿಷೇಧಿಸಿದೆ. ನಮ್ಮ ಅಣೆಕಟ್ಟುಗಳ ಹಿನ್ನೀರಿಗೂ ಅಂಥದೇ ನಿಯಮ ಬರಬೇಕು ಎನ್ನುವುದು ನಮ್ಮ ಸ್ಪಷ್ಟ ಅಭಿಪ್ರಾಯ. ಹರಿಗೋಲಿಗೆ ನಮ್ಮವರು ಡಾಂಬರು ಬಳಿದದ್ದು ನೀರು ಒಳಗೆ ಬಾರದಿರಲಿ ಎಂದು. ಹೊಳೆಯ ಜೀವಿಗಳ ಮೇಲೆ ಯುದ್ಧಕ್ಕಲ್ಲ.

ಅಳಿವೆಯ ವಿಷಯ ಬಂದಾಗ ಇನ್ನೂ ಸೂಕ್ಷ್ಮ. ಕುಮಟಾದ ಅಘನಾಶಿನಿಗೂ ಹೊನ್ನಾವರದ ಶರಾವತಿಗೂ ದೂರ ಹೆಚ್ಚಿಲ್ಲ. ಆದರೆ ಶರಾವತಿಗೆ ಮೇಲೆ ಅಣೆಕಟ್ಟು, ವಿದ್ಯುದಾಗಾರಗಳಿವೆ. ವಿದ್ಯುತ್ ತೆಗೆದ ಸಿಹಿನೀರು ಬೇಸಿಗೆಯಲ್ಲೂ ಇಳಿದು ಬರುವುದರಿಂದ ಆ ಅಳಿವೆಯಲ್ಲಿ ಉಪ್ಪು ಕಡಿಮೆ. ಬಳಚೂ ಅಘನಾಶಿನಿಯಷ್ಟು ಇಲ್ಲ. ಅಂದಮೇಲೆ ಶರಾವತಿಯಲ್ಲಿ ಸಮುದ್ರದ ಬಾಯಿಯಿಂದ ದೂರ, ಮೇಲಕ್ಕೆ ಕಟ್ಟುವ ದೋಣಿಗೂ, ಬಂದರಿನ ಬಾಯಲ್ಲೇ ಕಟ್ಟುವ ದೋಣಿಗೂ ಒಂದೇ ಡಬ್ಬಿ ಯಾಕೆ? ನಿಮ್ಮ ದೋಣಿ ಕಟ್ಟುವ ಜಾಗದ ನೀರನ್ನು ಏಪ್ರಿಲ್ ತಿಂಗಳ ಭರತದಲ್ಲಿ ನಾಲಿಗೆಗೆ ಮುಟ್ಟಿಸಿ ನೋಡಿ. ಪಕ್ಕದ ಕಂಬ, ಕಲ್ಲುಗಳ ಮೇಲೆ ಬಿಳಿ ಚಿಪ್ಪು ಕೂತಿದೆಯೇ ನೋಡಿ. ಕಲ್ಲಿನ ಮೇಲೆ ಇಲ್ಲದ್ದು ದೋಣಿಯ ಮೇಲೂ ಕೂರುವುದಿಲ್ಲ. ಅಂಗಡಿಯವನಿಗಿಂತ ಆ ಕಂಬ ಸರಿಯಾದ ಸಲಹೆಗಾರ.

ಎರಡನೆಯದು, ದೋಣಿ ರಾತ್ರಿ ಎಲ್ಲಿ ಮಲಗುತ್ತದೆ? ನಮ್ಮ ಹಳೆಯ ಪಾತಿ ದೋಣಿಗಳಿಗೆ ತಾಮ್ರ ಗೊತ್ತಿರಲಿಲ್ಲ. ಮೀನೆಣ್ಣೆ, ಗೇರುಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಈಗ ಕೆಲವರು ಆ ಎಣ್ಣೆಗಳಲ್ಲೇ ಏನೋ ಪವಾಡ ಇತ್ತು ಎನ್ನುತ್ತಾರೆ. ಎಣ್ಣೆ ಮರಕ್ಕೆ ಒಳ್ಳೆಯದು ಹೌದು, ಫೈಬರಿಗೆ ಅದರಿಂದ ಏನೂ ಆಗದು. ನಿಜವಾದ ಗುಟ್ಟು ಬೇರೆ. ಕೆಲಸ ಮುಗಿದ ಮೇಲೆ ದೋಣಿಯನ್ನು ಮರಳಿನ ಮೇಲೆ ಎಳೆದು ಹಾಕುತ್ತಿದ್ದರು. ಬಿಸಿಲಿಗೆ ಒಣಗಿದ ತಳದ ಮೇಲೆ ಯಾವ ಮರಿಯೂ ಬದುಕದು. ಕಯಾಕ್, ಜೆಟ್ ಸ್ಕೀ, ದಡಕ್ಕೆ ಎಳೆಯಬಹುದಾದ ಸಣ್ಣ ಫೈಬರ್ ದೋಣಿ, ಇವುಗಳಿಗೆ ತಳದ ಬಣ್ಣ ಶುದ್ಧ ದಂಡ. ಕಯಾಕಿಗೆ ತಾಮ್ರದ ಬಣ್ಣ ಬಳಿದ ಒಂದು ಹೋಮ್‌ಸ್ಟೇಯನ್ನೂ ನಾವು ನೋಡಿದ್ದೇವೆ! ನಾಲ್ಕು ಜನ ಸೇರಿ ಎಳೆಯುವ ಜಾಗದಲ್ಲಿ ಒಂದು ರಾಟೆ, ನಾಲ್ಕು ಉರುಳೆ ಹಾಕಿದರೆ ಅದರ ಖರ್ಚು ಒಂದೇ ಸಲದ್ದು. ಬಣ್ಣದ ಖರ್ಚು ವರ್ಷ ವರ್ಷದ್ದು.

ಎಳೆಯಲಾಗದ ದೋಣಿಯಾದರೆ ಹಳಬರ ಇನ್ನೊಂದು ದಾರಿ ಇದೆ, ಹೊಳೆಯಲ್ಲಿ ಮೇಲಕ್ಕೆ, ಸಿಹಿನೀರಿಗೆ ಕೊಂಡೊಯ್ದು ನಿಲ್ಲಿಸುವುದು. ಉಪ್ಪುನೀರಿನ ಜೀವಿಗೆ ಸಿಹಿನೀರು ಹಿಡಿಸದು. ಹಡಗುಹುಳುವೂ ಸಾಯುತ್ತದೆ. ಆದರೆ ಬಾರ್ನಕಲ್ ಬಾಗಿಲು ಮುಚ್ಚಿಕೊಂಡು ಕೆಲವು ದಿನ ತಡೆದುಕೊಳ್ಳಬಲ್ಲದು, ಒಂದು ರಾತ್ರಿ ನಿಲ್ಲಿಸಿ ಬಂದರೆ ಸಾಲದು. ಸತ್ತ ಮೇಲೂ ಚಿಪ್ಪು ಉಳಿಯುತ್ತದೆ, ಅದನ್ನು ಕೆರೆಯಲೇಬೇಕು. ಮರಿಗಳಿದ್ದಾಗಲೇ ಕೊಂಡೊಯ್ದರೆ ಲಾಭ ಹೆಚ್ಚು.

ಮೂರನೆಯದು, ದೋಣಿ ಯಾವುದರದ್ದು? ಅಲ್ಯೂಮಿನಿಯಂ ದೋಣಿಗೆ ತಾಮ್ರದ ಆಕ್ಸೈಡಿನ ಬಣ್ಣ ಬಳಿಯಲೇಬಾರದು. ಅಲಾರ್ಮ್ ಹಡಗಿನ ಮೊಳೆಗಳಿಗೆ ಆದದ್ದೇ ಇಲ್ಲಿ ಇಡೀ ತಳಕ್ಕೆ ಆಗುತ್ತದೆ. ಉಪ್ಪುನೀರಿನಲ್ಲಿ ತಾಮ್ರ ಮತ್ತು ಅಲ್ಯೂಮಿನಿಯಂ ಒಂದನ್ನೊಂದು ತಾಗಿದರೆ ಸಣ್ಣ ಬ್ಯಾಟರಿಯೇ ಆಗಿ ಅಲ್ಯೂಮಿನಿಯಂ ತೂತು ಬೀಳುತ್ತದೆ. ಇದನ್ನು ಪರಿಸರದ ಕಾಳಜಿ ಇಲ್ಲದವರೂ ಕೇಳಿಸಿಕೊಳ್ಳಬೇಕು, ಮುಳುಗುವುದು ಅವರದೇ ದೋಣಿ.

ಈ ಮೂರೂ ದಾಟಿ, ‘ಉಪ್ಪುನೀರಲ್ಲೇ ಇರುತ್ತದೆ, ಎಳೆಯಲಾಗದು, ಫೈಬರಿನದು’ ಎಂದಾದರೆ ಬಣ್ಣ ಬೇಕು. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಒಂದು ಗಟ್ಟಿ ಬಣ್ಣ, ತಾಮ್ರ ಕರಗಿಹೋದ ಮೇಲೂ ಅದರ ಪದರ ಉಳಿಯುತ್ತದೆ. ವರ್ಷ ವರ್ಷ ಮೇಲೆ ಮೇಲೆ ಬಳಿದು ಕೊನೆಗೆ ರೊಟ್ಟಿಯ ಹಾಗೆ ಏಳುತ್ತದೆ, ಆಗ ಕೆರೆಯಲು ಗ್ರೈಂಡರ್ ಬೇಕಾಗುತ್ತದೆ. ಇನ್ನೊಂದು ಸವೆಯುವ ಬಣ್ಣ, ಸ್ನಾನದ ಸೋಪಿನ ಹಾಗೆ ತಾನೇ ತೆಳ್ಳಗಾಗುತ್ತಾ ಹೋಗುತ್ತದೆ. ವೇಗದ ಸ್ಪೀಡ್ ಬೋಟಿಗೆ ಗಟ್ಟಿಯದು ಸರಿಹೋಗುತ್ತದೆ. ನಿಧಾನ ಹೋಗುವ, ವರ್ಷಕ್ಕೆ ಮೂರು ನಾಲ್ಕು ತಿಂಗಳು ದಡದಲ್ಲಿ ಒಣಗುವ ನಮ್ಮ ವಿಹಾರದ ದೋಣಿಗೆ ಸವೆಯುವ ಬಗೆಯದೇ ಮೇಲು ಎಂಬುದು ನಮ್ಮ ಮತ. ಗಟ್ಟಿ ಬಣ್ಣವನ್ನು ಮಳೆಗಾಲವಿಡೀ ಗಾಳಿಗೆ ಬಿಟ್ಟರೆ ಮೇಲ್ಪದರ ಸತ್ತು ಕೂರುತ್ತದೆ. ಸವೆಯುವ ಬಗೆಯಲ್ಲಿ ಆ ತೊಂದರೆ ಕಡಿಮೆ, ಮುಂದೆ ಗ್ರೈಂಡರಿನ ಧೂಳೂ ಇರುವುದಿಲ್ಲ. ಸಿಲಿಕೋನ್ ಬಣ್ಣ ಎಂದು ಮೂರನೆಯದೂ ಇದೆ, ತಾಮ್ರವಿಲ್ಲದೆ ಬರೀ ನುಣುಪಿನಿಂದ ಕೆಲಸ ಮಾಡುವಂಥದ್ದು. ಬೆಲೆ ಜಾಸ್ತಿ, ವೇಗವಾಗಿ ಓಡದಿದ್ದರೆ ಹಿಡಿದದ್ದು ಉದುರುವುದಿಲ್ಲ. ಮರಳದಿಬ್ಬಕ್ಕೆ ಉಜ್ಜುವ ನಮ್ಮ ದೋಣಿಗಳಲ್ಲಿ ಅದು ಬಾಳದು.

ಮನೆಯಲ್ಲೇ ಎನಾಮೆಲ್ ಬಣ್ಣಕ್ಕೆ ಮೈಲುತುತ್ತ ಕಲಸುವವರಿದ್ದಾರೆ. ಮೈಲುತುತ್ತ ನೀರಿನಲ್ಲಿ ಸಕ್ಕರೆಯಂತೆ ಕರಗುತ್ತದೆ. ನಿಮ್ಮ ತಾಮ್ರವೆಲ್ಲ ಬೇಗನೆ ಹೊಳೆ ಸೇರಿ, ಆಮೇಲೆ ಚಿಪ್ಪು ಆರಾಮವಾಗಿ ಕೂರುತ್ತದೆ. ಎರಡು ಕಡೆಯೂ ನಷ್ಟ.

ಇನ್ನು ಬಳಿಯುವ ವಿಷಯ. ಇದರಲ್ಲಿ ಅರ್ಧ ಬುದ್ಧಿ ಕೆರೆಯುವುದರಲ್ಲಿದೆ. ದೋಣಿ ದಡಕ್ಕೆ ಬಂದ ದಿನವೇ, ತಳ ಹಸಿ ಇರುವಾಗಲೇ ಕೆರೆಯಿರಿ. ವಾರ ಬಿಟ್ಟು ಒಣಗಿಸಿದರೆ ಚಿಪ್ಪು ಸಿಮೆಂಟಾಗುತ್ತದೆ, ಆಮೇಲೆ ಕಬ್ಬಿಣದ ಉಳಿ ಹಾಕಿ ಫೈಬರಿನ ಮೇಲ್ಪದರವನ್ನೇ ಕಿತ್ತು ತೆಗೆಯುತ್ತೇವೆ. ಆ ಗಾಯದಲ್ಲಿ ನೀರು ಒಳಸೇರಿ ಗುಳ್ಳೆ ಬರುತ್ತದೆ. ಮರದ್ದೋ ಪ್ಲಾಸ್ಟಿಕ್ಕಿನದೋ ಹಲಗೆ ಸಾಕು. ಹಳೆಯ ಬಣ್ಣವನ್ನು ಒಣ ಗ್ರೈಂಡರಿನಿಂದ ಖಂಡಿತ ಉಜ್ಜಬೇಡಿ. ನೀರು ಹಾಕಿಕೊಂಡು ಉಜ್ಜುವ ಸ್ಯಾಂಡ್ ಪೇಪರ್ ಸಿಗುತ್ತದೆ, ಧೂಳು ಏಳುವುದಿಲ್ಲ. ಕೆಳಗೆ ಟಾರ್ಪಾಲು ಹಾಸಿ, ಅಂಚು ಎತ್ತಿ ಕಟ್ಟಿ. ಅಡಿಕೆ ಒಣಗಿಸುವ ಹಳೆಯ ಟಾರ್ಪಾಲು ಆದರೂ ನಡೆಯುತ್ತದೆ, ಆದರೆ ಮತ್ತೆ ಅದರಲ್ಲಿ ಅಡಿಕೆ ಒಣಗಿಸಬಾರದು. ಬಿದ್ದ ಕೆಂಪು ರಾಡಿಯನ್ನು ಒಣಗಿಸಿ ಮುಚ್ಚಳದ ಡಬ್ಬಿಗೆ ತುಂಬಿ. ಹೊಳೆಗೆ, ತೆಂಗಿನ ಬುಡಕ್ಕೆ, ಒಲೆಗೆ ಬೇಡ. ಕೆರೆಯುವ ಹುಡುಗರಿಗೆ ಟವೆಲ್ ಅಲ್ಲ, ಧೂಳು ತಡೆಯುವ ಸರಿಯಾದ ಮಾಸ್ಕ್, ಕನ್ನಡಕ, ಕೈಗವಸು, ತೋಳಿನ ಅಂಗಿ. ಇಡೀ ಬಣ್ಣದ ಖರ್ಚಿನಲ್ಲಿ ಇದು ಕೈಲೆಕ್ಕಕ್ಕೂ ಸಿಗದ ಮೊತ್ತ. ದಿನಗೂಲಿಗೆ ಬಂದವನ ಮೂಗು ದೋಣಿಯ ತಳಕ್ಕಿಂತ ಅಗ್ಗವೇ?

ಮೇ ಕೊನೆಗೆ ಕೆರೆದು, ಆಗಲೇ ಬಣ್ಣವನ್ನೂ ಬಳಿದುಬಿಡುವ ರೂಢಿ ನಮ್ಮಲ್ಲಿದೆ. ಇದು ತಪ್ಪು ಎನ್ನುತ್ತೇವೆ. ಬಣ್ಣ ಕೆಲಸ ಮಾಡಬೇಕಾದದ್ದು ನೀರಿನಲ್ಲಿ, ಮಾಡಿನ ಕೆಳಗಲ್ಲ. ಈಗ ಕೆರೆದು ತೊಳೆದು ಮಾಡಿನಡಿ ಇಡಿ. ಮಳೆ ಬಿಟ್ಟ ಮೇಲೆ, ನೀರಿಗಿಳಿಸುವ ಮುನ್ನಿನ ವಾರದಲ್ಲಿ ಬಳಿಯಿರಿ. ಸಿಹಿನೀರಿನಲ್ಲಿ ಉಪ್ಪು ಹೋಗುವಂತೆ ತೊಳೆದು ಪೂರ್ತಿ ಒಣಗಿಸಬೇಕು. ಬೆಳಗಿನ ಇಬ್ಬನಿ ಆರಿದ ಮೇಲೆ ಶುರುಮಾಡಿ ಮಧ್ಯಾಹ್ನ ಇಳಿಯುವುದರೊಳಗೆ ಮುಗಿಸಬೇಕು. ಹೊಸ ಫೈಬರ್ ದೋಣಿಯಾದರೆ ಅಚ್ಚಿನಿಂದ ಬಂದ ಮೇಣ ಮೈಮೇಲಿರುತ್ತದೆ. ಅದನ್ನು ದ್ರಾವಕದಿಂದ ಒರೆಸಿ ತೆಗೆಯದೆ ಬಳಿದರೆ ಬಣ್ಣ ಹಾವಿನ ಪೊರೆಯಂತೆ ಕಳಚುತ್ತದೆ. ಮೊದಲ ಸಲಕ್ಕೆ ಎಪಾಕ್ಸಿ ಪ್ರೈಮರ್ ಬೇಕು.

ಡಬ್ಬಿ ತೆರೆದ ಮೇಲೆ ಕಲಕಿ, ಕೈ ನೋಯುವವರೆಗೆ ಕಲಕಿ. ತಾಮ್ರ ಭಾರ, ಸಾರಿನ ಬೇಳೆಯಂತೆ ತಳ ಹಿಡಿದಿರುತ್ತದೆ. ಕಲಕದೆ ಬಳಿದರೆ ದೋಣಿಯ ಮುಂದಿನ ಅರ್ಧಕ್ಕೆ ಬರೀ ತಿಳಿ, ಹಿಂದಿನ ಅರ್ಧಕ್ಕೆ ಎಲ್ಲ ಬೇಳೆ. ಹೆಚ್ಚು ಬರಲೆಂದು ಥಿನ್ನರ್ ಸುರಿಯಬೇಡಿ. ಎಷ್ಟು ಬೇಕೆಂದು ಮೊದಲೇ ಲೆಕ್ಕ ಹಾಕಬಹುದು. ದೋಣಿಯ ಉದ್ದವನ್ನು ಅಗಲದಿಂದ ಗುಣಿಸಿ, ಬಂದದ್ದನ್ನು 0.85ರಿಂದ ಗುಣಿಸಿದರೆ ತಳದ ಅಂದಾಜು ಸಿಗುತ್ತದೆ. 20 ಅಡಿ ಉದ್ದ, 6 ಅಡಿ ಅಗಲದ ದೋಣಿಗೆ 102 ಚದರಡಿ. ಒಂದು ಲೀಟರಿಗೆ ಎಷ್ಟು ಚದರಡಿ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಮಿಕ್ಕಿದ ಬಣ್ಣವೇ ಆಮೇಲೆ ಹೊಳೆಬದಿಯ ಪೊದೆಯಲ್ಲಿ ಬಿದ್ದಿರುವುದು, ಅದಕ್ಕೆ ಈ ಲೆಕ್ಕ.

ಒಂದು ಜಾಣತನ ಬಹಳ ಜನಕ್ಕೆ ಗೊತ್ತಿಲ್ಲ. ಮೊದಲ ಕೈ ಒಂದು ಬಣ್ಣ, ಎರಡನೆಯ ಕೈ ಬೇರೆ ಬಣ್ಣ ಬಳಿಯಿರಿ. ಕೆಳಗೆ ಕೆಂಪು, ಮೇಲೆ ನೀಲಿ ಎಂದುಕೊಳ್ಳಿ. ಸವೆದು ಸವೆದು ಕೆಂಪು ಇಣುಕಿದಾಗ ಮಾತ್ರ ಮತ್ತೆ ಬಳಿದರಾಯಿತು. ‘ವರ್ಷಕ್ಕೊಮ್ಮೆ’ ಎಂಬ ಅಭ್ಯಾಸ ತಪ್ಪಿ ಎಷ್ಟೋ ಕಡೆ ಒಂದು ಹಂಗಾಮಿನ ದುಡ್ಡು ಉಳಿಯುತ್ತದೆ. ಮೂರನೆಯ ಕೈ ಇಡೀ ತಳಕ್ಕೆ ಬೇಡ. ನೀರಿನ ಗೆರೆ, ಮೂತಿ, ಚುಕ್ಕಾಣಿ ಬೇಗ ಸವೆಯುವ ಜಾಗಗಳು, ಅಲ್ಲಿಗಷ್ಟೇ ಸಾಕು. ತಳದಲ್ಲಿ ಕಟ್ಟಿದ ಸತುವಿನ ತುಂಡಿಗೆ ಮಾತ್ರ ಬಣ್ಣ ತಾಗಿಸಬೇಡಿ. ಇಂಜಿನ್ನಿನ ಲೋಹದ ಬದಲು ತಾನು ಸವೆಯಲೆಂದು ಅದನ್ನು ಇಟ್ಟದ್ದು. ಬಣ್ಣ ಮುಚ್ಚಿದರೆ ಅದರ ಕೆಲಸ ನಿಂತು ಪ್ರೊಪೆಲ್ಲರ್ ತಿಂದುಹೋಗುತ್ತದೆ.

ದೋಣಿಗೆ ಪರವಾನಗಿ ಕೊಡುವಾಗ ಲೈಫ್ ಜಾಕೆಟ್ ಎಣಿಸುತ್ತಾರೆ, ಎಣಿಸಲೇಬೇಕು. ಅದರ ಜೊತೆ ತಳಕ್ಕೆ ಏನು ಬಳಿದಿದ್ದೀರಿ, ಎಲ್ಲಿ ಕೆರೆದಿರಿ ಎಂದೂ ಕೇಳಲಿ. ಕೇಳುವವರು ಮೊದಲು ಕೆರೆಯಲೊಂದು ಜಾಗವನ್ನೂ ಕೊಡಬೇಕು. ದೋಣಿಗಳು ಹೆಚ್ಚಿರುವ ಪ್ರತಿ ಅಳಿವೆಯಲ್ಲಿ ಸಿಮೆಂಟಿನ ನೆಲ, ಅಂಚಿಗೊಂದು ಕಟ್ಟೆ, ರಾಡಿ ಇಂಗದಂತೆ ಒಂದು ತೊಟ್ಟಿ. ಒಂದು ಬಸ್ ನಿಲ್ದಾಣ ಕಟ್ಟುವುದಕ್ಕಿಂತ ಕಷ್ಟದ ಕೆಲಸವಲ್ಲ ಅದು. ಹೋಮ್‌ಸ್ಟೇಯವರು, ದೋಣಿಯವರು ಸೇರಿ ಪಂಚಾಯಿತಿಯ ಗ್ರಾಮಸಭೆಯಲ್ಲಿ ಇದನ್ನು ಕೇಳಬೇಕು. ಬಳಚು ಹೆಕ್ಕುವವರೂ ಆ ಸಭೆಯಲ್ಲಿ ಕೂತಿರಬೇಕು, ಅವರಿಲ್ಲದೆ ನಿರ್ಣಯ ಬರೆದರೆ ಜಾಗ ಮತ್ತೆ ಅವರ ಕೆಸರಿನ ಪಕ್ಕದಲ್ಲೇ ಬರುತ್ತದೆ.

ಆ ದಿನ ಯಜಮಾನರು ಗ್ರೈಂಡರ್ ನಿಲ್ಲಿಸಿದರು. ನಮ್ಮ ಮಾತಿಗಲ್ಲ, ಊಟದ ಹೊತ್ತಾಗಿತ್ತು. ಹುಡುಗರಲ್ಲಿ ಒಬ್ಬ ಕೈ ತೊಳೆಯಲು ಹೊಳೆಗೇ ಇಳಿದ. ಊಟ ಮುಗಿಸಿ ಬಂದ ಯಜಮಾನರು ತೆರೆಯದ ಎರಡು ಡಬ್ಬಿಗಳನ್ನು ತೋರಿಸಿ, ‘ಇದನ್ನು ಸೆಪ್ಟೆಂಬರಿಗೆ ಇಟ್ಟರೆ ಹಾಳಾಗ್ತದಾ?’ ಎಂದು ಕೇಳಿದರು. ಮುಚ್ಚಳ ಭದ್ರವಾಗಿದ್ದು ನೆರಳಿನಲ್ಲಿದ್ದರೆ ಏನೂ ಆಗುವುದಿಲ್ಲ, ಡಬ್ಬಿಯ ಮೇಲಿನ ತಾರೀಕು ನೋಡಿಕೊಳ್ಳಿ ಎಂದೆವು. 102 ಚದರಡಿಯ ಲೆಕ್ಕ ಹಾಕಿ ನೋಡಿ, ಒಂದನ್ನು ಅಂಗಡಿಗೆ ವಾಪಸು ಕೊಡಲಾಗುತ್ತದೆಯೇ ಎಂದು ಫೋನಿನಲ್ಲಿ ವಿಚಾರಿಸತೊಡಗಿದರು.

ನಿಮ್ಮ ಮನೆಯಲ್ಲೂ ದೋಣಿಯ ಬಣ್ಣದ ಡಬ್ಬಿ ಇದ್ದರೆ ಹಿಂಬದಿಯ ಚೀಟಿಯ ಫೋಟೊ ತೆಗೆದು ನಮಗೆ ಕಳಿಸಿ. ಸಣ್ಣ ಅಕ್ಷರದ ಇಂಗ್ಲಿಷನ್ನು ನಾವು ಓದಿ ಹೇಳುತ್ತೇವೆ. ಹಳೆಯ ಡಬ್ಬಿಯಲ್ಲಿ ಟ್ರೈಬ್ಯುಟೈಲ್‌ಟಿನ್ ಎಂಬ ಹೆಸರು ಕಂಡರೆ ಮಾತ್ರ ಮುಚ್ಚಳ ತೆಗೆಯಬೇಡಿ.